ಮಾಗಡಿ ಕೆರೆಯ ಹೆಬ್ಬಾತು, ಮಾಗಡಿಯ ಕಡಲೆ ಹೊಲ

ಗದಗದಿಂದ ಲಕ್ಷ್ಮೇಶ್ವರದ ಕಡೆಗೆ ಹೊರಟರೆ ಸುಮಾರು 26 ಕಿ.ಮೀ. ಆಚೆಗೆ ಮಾಗಡಿ. ಇದು ಕೆಂಪೇಗೌಡರ ಮಾಗಡಿಯಲ್ಲ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಬೆಂಗಳೂರಿನ ಕಡೆಯವರಿಗೆ ಈ ಹೆಸರು ಕೋಟೆಯನ್ನು ನೆನಪಿಸಿದರೆ ಗದಗಿನವರಿಗೆ ಕೆರೆಯನ್ನು ನೆನಪಿಸುತ್ತದೆ. ಎಳ್ಳಮಾಸಿ ಕಳೆದು ಸಂಕ್ರಮಣ ಇನ್ನೂ ಬಾರದ ಈ ದಿನಗಳಲ್ಲಿ ಸುತ್ತಲಿನ ಎರೆ ಹೊಲಗಳಲ್ಲಿ ಕಡಲೆ ಹೂ ಬಿಡುತ್ತಿರುತ್ತದೆ, ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ, ಕುಸುಬಿಯ ಮುಳ್ಳು ಬಲಿಯುತ್ತಿರುತ್ತದೆ. ಬೆಳಗಿನ ಆರು ಗಂಟೆಗೆ ಕೆರೆಯ ಏರಿಯ ಮೇಲೆ ನಿಂತರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳುತ್ತದೆ. ನೀರಿನ ಮೇಲೆ ಕೂತ ಮಂಜಿನೊಳಗಿಂದ ಮೂಗಿನಲ್ಲಿ ಕೂಗಿದಂಥ ‘ಆಂಗ್, ಆಂಗ್’ ಎಂಬ ದನಿ ಬರುತ್ತದೆ. ಒಂದು ಕಡೆಯಿಂದ ಎದ್ದ ಕೂಗಿಗೆ ಇನ್ನೊಂದು ಕಡೆಯಿಂದ ಉತ್ತರ, ಅದಕ್ಕೆ ಮತ್ತೊಂದು ಉತ್ತರ. ಕೆರೆಯೊಳಗೆ ದೊಡ್ಡ ಜನ ಇದೆಯೆಂದು ತಿಳಿಯಲು ಅಷ್ಟು ಸಾಕು.

ಪೂರ್ವಕ್ಕೆ, ದೂರದಲ್ಲಿ, ಕಪ್ಪತಗುಡ್ಡದ ಸಾಲು. ಅದರ ಹಿಂದಿನಿಂದ ಬೆಳಕು ಏರಿದ ಹಾಗೆ ಮಂಜು ಹರಿಯುತ್ತದೆ. ಮೊದಲು ಕಾಣಿಸುವವು ಹತ್ತಿರದ ನಾಮದ ಕೋಳಿಗಳು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿ ನಾಮ. ಅವುಗಳ ನಡುವೆ ಗುಳುಮುಳುಕ ಮುಳುಗಿ, ಎಣಿಸದಿದ್ದ ಜಾಗದಲ್ಲಿ ಏಳುತ್ತದೆ. ಆಮೇಲೆ ನಡುಗೆರೆಯಲ್ಲಿ ಬೂದುಬಣ್ಣದ ಒಂದು ದಡದಂಥದ್ದು ಕಾಣುತ್ತದೆ. ಬೈನಾಕ್ಯುಲರ್ ಹಿಡಿದರೆ ಆ ದಡಕ್ಕೆ ಕೊರಳು ಬರುತ್ತದೆ, ಕೊಕ್ಕು ಬರುತ್ತದೆ. ನೂರಾರು ಹೆಬ್ಬಾತುಗಳು ಒಂದಕ್ಕೊಂದು ಒತ್ತಿಕೊಂಡು, ತಲೆಯನ್ನು ರೆಕ್ಕೆಗೆ ಸಿಕ್ಕಿಸಿ ತೇಲುತ್ತಿರುತ್ತವೆ. ಅಂಚಿನಲ್ಲಿರುವ ಕೆಲವು ಮಾತ್ರ ಕೊರಳೆತ್ತಿ ಕಾಯುತ್ತಿರುತ್ತವೆ.

ಇದು ಪಟ್ಟೆತಲೆ ಹೆಬ್ಬಾತು. ಬಿಳಿಯ ತಲೆಯ ಹಿಂಭಾಗದಲ್ಲಿ ಕಣ್ಣಿನಿಂದ ಕಣ್ಣಿಗೆ ಒಂದು, ಅದರ ಕೆಳಗೆ ಇನ್ನೊಂದು, ಹೀಗೆ ಎರಡು ಕಪ್ಪು ಪಟ್ಟೆ. ಹಳದಿ-ಕಿತ್ತಳೆ ಕೊಕ್ಕು, ಅದೇ ಬಣ್ಣದ ಕಾಲು, ತೂಕ ಎರಡರಿಂದ ಮೂರು ಕಿಲೋ. ಮಂಗೋಲಿಯಾ, ಟಿಬೆಟ್, ಚೀನಾದ ಚಿಂಗ್‌ಹಾಯ್ ಸರೋವರದ ಸೀಮೆ, ಕಿರ್ಗಿಸ್ತಾನ, ನಮ್ಮದೇ ಲಡಾಖಿನ ತ್ಸೋ ಮೊರಿರಿಯಂಥ ಎತ್ತರದ ಸರೋವರಗಳ ದಂಡೆಗಳಲ್ಲಿ ಮೊಟ್ಟೆಯಿಟ್ಟು ಮರಿ ಮಾಡುವ ಹಕ್ಕಿ ಚಳಿಗಾಲಕ್ಕೆ ಹಿಮಾಲಯ ದಾಟಿ ಭಾರತದ ಬಯಲಿಗೆ ಇಳಿಯುತ್ತದೆ. ಹೆಚ್ಚಿನವು ಉತ್ತರ ಭಾರತದಲ್ಲೇ ನಿಲ್ಲುತ್ತವೆ. ದಕ್ಷಿಣಕ್ಕೆ ಬರುವವುಗಳಿಗೆ ಇರುವ ದೊಡ್ಡ ನೆಲೆಗಳಲ್ಲಿ ಮಾಗಡಿ ಒಂದು. ಚಳಿಗಾಲವೊಂದಕ್ಕೆ ಇಲ್ಲಿಗೆ ಬರುವ ಹೆಬ್ಬಾತುಗಳ ಸಂಖ್ಯೆ ಸುಮಾರು 8,000 ಎಂದು ಸರ್ಕಾರದ ವಿವರ ಹೇಳುತ್ತದೆ. ಕೆರೆಯ ವಿಸ್ತಾರವಾದರೋ ಸುಮಾರು 50 ಹೆಕ್ಟೇರ್. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಮನುಷ್ಯರೇ ಕಟ್ಟಿಕೊಂಡ ಕೆರೆ.

ಏರಿಯ ಮೇಲೆ ನಿಧಾನವಾಗಿ ನಡೆಯುವುದೇ ಒಳ್ಳೆಯದು. ಅಂಚಿನ ಹಕ್ಕಿಗಳು ಕೊರಳು ನೀಳವಾಗಿ ಎತ್ತಿ ಒಂದೇ ಕಡೆ ನೋಡತೊಡಗಿದರೆ ನಾವು ಹತ್ತಿರವಾದೆವೆಂದು ಅರ್ಥ. ಅಲ್ಲೇ ನಿಂತುಬಿಡಬೇಕು. ನಿಂತ ಸ್ವಲ್ಪ ಹೊತ್ತಿಗೆ ಕೊರಳುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಹಿಂಡನ್ನು ಎಬ್ಬಿಸಿ ಹಾರಿಸಿ ಚಿತ್ರ ತೆಗೆಯುವವರನ್ನು ನಾನು ನೋಡಿದ್ದೇನೆ. ಅದು ಕೇಡು. ಸಾವಿರಾರು ಕಿಲೋಮೀಟರ್ ಹಾರಿ ಬಂದು, ಮತ್ತೆ ಅಷ್ಟೇ ದೂರ ಹಾರಲು ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಗೆ ವ್ಯರ್ಥವಾಗಿ ಏಳುವ ಪ್ರತಿ ಹಾರಾಟವೂ ನಷ್ಟವೇ.

ತೂಬಿನ ಹತ್ತಿರ ನೀರು ತೆಳು. ಅಲ್ಲಿ ಸಣ್ಣ ಬಾತುಗಳು ಸೇರುತ್ತವೆ. ಸಲಿಕೆಯಂತೆ ಅಗಲ ಕೊಕ್ಕಿನ ಚಲುಕಗಳು ಒಂದರ ಹಿಂದೆ ಒಂದು ಸುತ್ತು ತಿರುಗುತ್ತ, ಕಾಲಿನಿಂದ ನೀರು ಕಲಕಿ, ಮೇಲೆದ್ದ ಹುಳಹುಪ್ಪಟೆಗಳನ್ನು ಕೊಕ್ಕಿನಲ್ಲೇ ಸೋಸಿಕೊಳ್ಳುತ್ತವೆ. ಸೂಜಿಬಾಲದ ಬಾತುಗಳು ತಲೆ ಮುಳುಗಿಸಿ ಬಾಲ ಮೇಲೆತ್ತಿ ತಳದ ಬೇರು, ಬೀಜ ಹುಡುಕುತ್ತವೆ. ಕೆಸರಿನಂಚಿನಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು, ಬಾಲ ಕುಣಿಸುವ ಸಿಪಿಲೆಗಳು, ಬಿಳಿ ಕೆಂಬರಲು, ಬಣ್ಣದ ಕೊಕ್ಕರೆ. ಇಲ್ಲಿ ದಾಖಲಾದ ಹಕ್ಕಿ ಜಾತಿಗಳು 166ಕ್ಕೂ ಹೆಚ್ಚು, ಅವುಗಳಲ್ಲಿ 130 ವಲಸೆ ಬರುವಂಥವು. ಎಲ್ಲದರ ಪಟ್ಟಿ ಕೊಡುವುದು ನನ್ನ ಉದ್ದೇಶವಲ್ಲ. ಆದರೆ ಒಂದನ್ನು ಬಿಡಲಾಗದು. ನೀರಿನಂಚಿಗೆ ಜೋಡಿಯಾಗಿ ನಿಂತ, ಕಾವಿಯ ಬಣ್ಣದ ದೊಡ್ಡ ಬಾತು. ಇದೇ ಚಕ್ರವಾಕ, ಹಳಗನ್ನಡದ ಜಕ್ಕವಕ್ಕಿ. ಸಂಜೆಯಾದೊಡನೆ ಜೋಡಿ ಅಗಲಿ, ರಾತ್ರಿಯಿಡೀ ಆಚೆದಡ ಈಚೆದಡದಲ್ಲಿ ಕೂತು ಒಂದನ್ನೊಂದು ಕೂಗುತ್ತವೆ ಎಂಬುದು ಕವಿಗಳು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಇವು ರಾತ್ರಿ ಮೇಯುವ ಹಕ್ಕಿಗಳು. ಕತ್ತಲಲ್ಲಿ ಚದುರಿ ಮೇಯುತ್ತ ಕೂಗಿನಿಂದಲೇ ಸಂಪರ್ಕ ಇಟ್ಟುಕೊಳ್ಳುತ್ತವೆ. ಕವಿಸಮಯದ ಹಿಂದೆ ಕೆರೆಯ ದಂಡೆಯಲ್ಲಿ ಕಿವಿಗೊಟ್ಟು ಕೂತ ಯಾರೋ ಒಬ್ಬರಿದ್ದಿರಬೇಕು. ಇಲ್ಲಿಂದ ಹತ್ತು ಹನ್ನೊಂದು ಕಿ.ಮೀ. ದೂರದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ತನ್ನ ಕಾವ್ಯದ ಕನ್ನಡ ಆ ಪುಲಿಗೆರೆಯ ತಿರುಳ್ಗನ್ನಡವೆಂದು ಹತ್ತನೆಯ ಶತಮಾನದಲ್ಲಿ ಪಂಪ ಹೇಳಿಕೊಂಡ. ಆ ಕನ್ನಡ ಆಡುತ್ತಿದ್ದ ನೆಲದ ಕೆರೆಗಳಲ್ಲಿ ಆಗಲೂ ಜಕ್ಕವಕ್ಕಿ ಇಳಿಯುತ್ತಿತ್ತೆಂದು ನಂಬಲು ನನಗೆ ಇಷ್ಟ.

ಏಳೂವರೆಯ ಸುಮಾರಿಗೆ ಆಕಾಶದ ಕಡೆ ನೋಡಬೇಕು. ಹೊಲಗಳ ದಿಕ್ಕಿನಿಂದ ಓರೆಗೆರೆಗಳು ಬರತೊಡಗುತ್ತವೆ. ಮೊದಲು ಹತ್ತು ಹನ್ನೆರಡರ ಗೆರೆ, ಆಮೇಲೆ ಐವತ್ತರದು, ಆಮೇಲೆ ಒಂದರೊಳಗೊಂದು ಸೇರಿ ಬಿಡುವ ದೊಡ್ಡ ಬಾಣಗಳು. ಕೆರೆಯ ಮೇಲೆ ಬಂದೊಡನೆ ಸಾಲು ಒಡೆಯುತ್ತದೆ. ಕೆಲವು ಹಕ್ಕಿಗಳು ಗಾಳಿಯಲ್ಲೇ ಮೈಯನ್ನು ಪಕ್ಕಕ್ಕೆ ಹೊರಳಿಸಿ, ರೆಕ್ಕೆಯಿಂದ ಗಾಳಿ ಚೆಲ್ಲಿ, ಕಲ್ಲು ಬಿದ್ದಂತೆ ಸರ್ರನೆ ಇಳಿದು, ನೀರಿನ ಹತ್ತಿರ ಬಂದಾಗ ಮತ್ತೆ ನೇರವಾಗುತ್ತವೆ. ಅಷ್ಟು ಭಾರದ ಹಕ್ಕಿ ಅಷ್ಟು ಹಗುರವಾಗಿ ಹೊರಳುವುದನ್ನು ಎಷ್ಟು ಸಲ ನೋಡಿದರೂ ದಣಿವಾಗುವುದಿಲ್ಲ. ಒಂಬತ್ತರ ಹೊತ್ತಿಗೆ ಕೆರೆ ತುಂಬಿರುತ್ತದೆ.

ಇವು ಬರುತ್ತಿರುವುದು ಊಟ ಮುಗಿಸಿ. ಹೆಚ್ಚಿನ ನೋಡುಗರಿಗೆ ಇದು ಗೊತ್ತಾಗುವುದಿಲ್ಲ, ಕೆರೆಯಲ್ಲಿರುವ ಹಕ್ಕಿ ಕೆರೆಯಲ್ಲೇ ಉಣ್ಣುತ್ತದೆ ಎಂದುಕೊಳ್ಳುತ್ತಾರೆ. ಹೆಬ್ಬಾತು ಮೇಯುವ ಹಕ್ಕಿ; ಹುಲ್ಲು, ಎಳೆ ಪೈರು, ಕಾಳು ಅದರ ಆಹಾರ. ಕೆರೆ ಅದಕ್ಕೆ ಮಲಗುವ ಕೋಣೆ, ಅಡುಗೆಮನೆ ಇರುವುದು ಹೊಲದಲ್ಲಿ. ನರಿ, ನಾಯಿ ಬಾರದ ತೆರೆದ ನೀರು ಹಗಲಿಡೀ ವಿಶ್ರಾಂತಿಗೆ, ಕತ್ತಲಾದ ಮೇಲಿನ ಹೊಲ ಹೊಟ್ಟೆಗೆ. ಎರಡರಲ್ಲಿ ಒಂದು ತಪ್ಪಿದರೂ ಹೆಬ್ಬಾತು ಇಲ್ಲಿ ಉಳಿಯುವುದಿಲ್ಲ. ಹಾಗಾಗಿ ಕೆರೆಯನ್ನಷ್ಟೇ ನೋಡಿ ಹಿಂತಿರುಗಿದವರು ಮಾಗಡಿಯ ಅರ್ಧವನ್ನು ಮಾತ್ರ ನೋಡಿದಂತೆ.

ಏರಿ ಇಳಿದು, ಬಳ್ಳಾರಿ ಜಾಲಿಯ ಪೊದೆ ದಾಟಿ, ಬದುವಿನ ಮೇಲೆ ಹೊಲಗಳ ಕಡೆಗೆ ನಡೆದರೆ ಉಳಿದರ್ಧ ಸಿಗುತ್ತದೆ. ಎರೆ ಮಣ್ಣಿನ ಮೇಲೆ ಮೂರು ಬೆರಳಿನ, ಜಾಲಪಾದದ ಹೆಜ್ಜೆ ಗುರುತು. ಅಲ್ಲಲ್ಲಿ ಹಸಿರು ಹಿಕ್ಕೆ. ಕಡಲೆ ಗಿಡಗಳ ತುದಿ ಕತ್ತರಿಸಿದಂತೆ ಮೇದಿರುವ ಪಟ್ಟಿಗಳು. ಶೇಂಗಾ ಕಿತ್ತ ಹೊಲದಲ್ಲಿ ಕೆದಕಿದ ಕುರುಹು, ನೆಲದಲ್ಲಿ ಉಳಿದ ಕಾಯಿಗಳನ್ನು ಹುಡುಕಿದ್ದು. ಒಂದು ಹೊಲದಲ್ಲಿ ಕಡಲೆಯ ಮೇಲೆ ಬಿಳಿ ಅರಿವೆ ಹಾಸಿತ್ತು. ಕಡಲೆ ಎಲೆಗೆ ರಾತ್ರಿ ಬೀಳುವ ಇಬ್ಬನಿಯಲ್ಲಿ ಎಲೆಯ ಹುಳಿ ಕರಗುತ್ತದೆ. ಅರಿವೆ ಅದನ್ನು ಹೀರಿಕೊಳ್ಳುತ್ತದೆ, ಬೆಳಿಗ್ಗೆ ಹಿಂಡಿ ಇಟ್ಟುಕೊಂಡರೆ ಹೊಟ್ಟೆನೋವಿಗೆ ಮನೆಮದ್ದು. ಆ ಅರಿವೆಯನ್ನು ಮಡಚುತ್ತಿದ್ದ ಅಜ್ಜನನ್ನು ಮಾತಿಗೆಳೆದೆ.

“ಹಕ್ಕಿ ಯಾವಾಗ ಬರ್ತಾವ್ರಿ, ಅಜ್ಜಾರ?”

“ದೀಪಾವಳಿ ಮುಗಿತಂದ್ರ ಒಂದೊಂದ ಹಿಂಡ ಬರಾಕ ಸುರು ಆಕ್ಕಾವ್ರಿ. ಚಳಿ ಹೆಚ್ಚಾದಂಗ ಹಿಂಡೂ ಹೆಚ್ಚ.”

“ಬೆಳಿ ತಿಂತಾವಲ್ರಿ?”

“ತಿಂತಾವ್ರಿ. ತಿನ್ನೂದಿಲ್ಲಂತ ನಾ ಯಾಕ ಸುಳ್ಳ ಹೇಳ್ಲಿ? ರಾತ್ರ್ಯಾಗ ಇಳದು ಕಡ್ಲಿ ತುದಿ ಚೂಟ್ತಾವ. ಗಿಡ ಎಳೇದಿದ್ದಾಗ ಚೂಟಿದ್ರ ಮತ್ತ ಟಿಸಿಲ ಒಡೀತೈತಿ. ನಾವೂ ಪಲ್ಲೇಕ ಚೂಟ್ತೀವಿ, ಅದೇನ್ ಹೆಚ್ಚಿಂದಲ್ಲ. ಆದ್ರ ಹೂವಾಗಿ ಕಾಯಿ ಕಟ್ಟಿದ ಮ್ಯಾಲ ಬಿದ್ವಂದ್ರ ಲುಕ್ಸಾನನ ನೋಡ್ರಿ.”

“ಮತ್ತ ಓಡಸೂದಿಲ್ಲೇನ್ರಿ?”

“ಕೂಗಿ ಎಬ್ಬಸ್ತೀವ್ರಿ. ಹೊಡ್ಯಾಂಗಿಲ್ಲ. ನಮ್ಮಪ್ಪನ ಕಾಲದಿಂದೂ ಹೊಡದಿಲ್ಲ. ಅವು ಬಂದ್ವು ಅಂದ್ರ ಕೆರ್ಯಾಗ ನೀರ ಐತಿ ಅಂತ. ಕೆರ್ಯಾಗ ನೀರ ಇದ್ರ ನಮ್ಮ ಬಾಯಾಗೂ ಅನ್ನ ಐತಿ.”

ಈ ಮಾತು ಹಕ್ಕಿಯ ಮೇಲಿನ ಮಮತೆಯೆಂದಷ್ಟೇ ತಿಳಿದರೆ ಸಾಲದು. ಇದು ಮಳೆಯನ್ನೇ ನಂಬಿದ ಕೆರೆ. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತುತ್ತದೆ, ಹೆಬ್ಬಾತುಗಳು ಬೇರೆ ನೀರು ಹುಡುಕಿಕೊಳ್ಳುತ್ತವೆ. ತುಂಬಿದ ವರ್ಷ ಹಕ್ಕಿಯೂ ಉಂಟು, ಹಿಂಗಾರಿ ಬೆಳೆಯೂ ಉಂಟು. ಹಕ್ಕಿಯ ಬರವನ್ನೂ ಬೆಳೆಯ ಬರವನ್ನೂ ಇಲ್ಲಿಯ ರೈತ ಬೇರೆಬೇರೆಯಾಗಿ ನೋಡಿಲ್ಲ. ಈ ಸೀಮೆಯಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿಯಿದೆ, ಬೆಳೆದ ಅನ್ನದಲ್ಲಿ ಒಂದು ಪಾಲನ್ನು ಭೂಮಿಗೆ ಮೊದಲು ಕೊಡುವುದು. ಹೆಬ್ಬಾತಿಗೆ ಕಡಲೆ ಬಿಟ್ಟುಕೊಟ್ಟ ಮನಸ್ಸು ಅದೇ ಮಣ್ಣಿನದು. ಆದರೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹಕ್ಕಿ ಲೋಕಕ್ಕೆಲ್ಲ ಸೇರಿದ್ದು, ಮೇಯುವುದು ಮಾತ್ರ ಕೆರೆಯ ಸುತ್ತಲಿನ ಕೆಲವೇ ಕುಟುಂಬಗಳ ಹೊಲವನ್ನು. ಕಾಯಿ ಕಟ್ಟಿದ ಪೈರು ಹೋದಾಗ ಆ ನಷ್ಟವನ್ನು ಅಳೆದು ತಡವಿಲ್ಲದೆ ತುಂಬಿಕೊಡುವುದು ಕೆರೆಗೆ ಬೇಲಿ ಹಾಕುವುದಕ್ಕಿಂತ ಮುಖ್ಯವಾದ ಕೆಲಸ. ರೈತನ ಸಹನೆಯನ್ನು ಸರ್ಕಾರದ ಯೋಜನೆಯಂತೆ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ.

ಮಾಗಡಿ ಕೆರೆಗೆ ಸಂರಕ್ಷಣಾ ಮೀಸಲು ಪ್ರದೇಶದ ಸ್ಥಾನವಿದೆ. 2024ರ ಜನವರಿ ಕೊನೆಯಲ್ಲಿ, ಹೊಸಪೇಟೆ ಕಡೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೆ ಇದನ್ನೂ ರಾಮ್‌ಸಾರ್ ತಾಣವೆಂದು ಘೋಷಿಸಲಾಯಿತು. ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ 1971ರಲ್ಲಿ ಆದ ಜೌಗು ಪ್ರದೇಶಗಳ ಒಪ್ಪಂದದ ಪಟ್ಟಿ ಅದು. ಅದಕ್ಕೂ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಗೌರವ ದೊಡ್ಡದು. ಆದರೆ ಪಟ್ಟಿಯ ಗೆರೆ ಕೆರೆಯ ಅಂಚಿಗೆ ನಿಲ್ಲುತ್ತದೆ, ಹೆಬ್ಬಾತಿನ ಬದುಕು ಅಲ್ಲಿಗೆ ನಿಲ್ಲುವುದಿಲ್ಲ.

ಬಿಸಿಲು ಏರಿದ ಮೇಲೆ ಮತ್ತೆ ಏರಿಗೆ ಬಂದು ಕೂತರೆ ಎಣಿಕೆಗೆ ಒಳ್ಳೆಯ ಹೊತ್ತು. ಹಿಂಡು ಆಗ ಹೆಚ್ಚು ಅಲುಗುವುದಿಲ್ಲ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿಗಳ ಗಣತಿ 1987ರಲ್ಲಿ ಆರಂಭವಾದದ್ದು; ಹವ್ಯಾಸಿಗಳೇ ಅದರ ಬೆನ್ನೆಲುಬು. ಸಾವಿರದ ಹಿಂಡನ್ನು ಒಂದೊಂದಾಗಿ ಎಣಿಸಲು ಹೋಗಬಾರದು. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಿಗೆ ಕಲಿಸಬೇಕು. ಅದರಿಂದ ನೂರು, ನೂರರಿಂದ ಹಿಂಡು. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ಎಣಿಸಿ ಎರಡನ್ನೂ ಹೋಲಿಸಿದರೆ ಕಣ್ಣು ಹದಕ್ಕೆ ಬರುತ್ತದೆ.

ಅದಕ್ಕಿಂತ ನನಗೆ ಹೆಚ್ಚು ಪ್ರಿಯವಾದ ಕೆಲಸ ಮರಿಗಳನ್ನು ಗುರುತಿಸುವುದು. ಮೊದಲ ಚಳಿಗಾಲದ ಹಕ್ಕಿಗೆ ತಲೆಯ ಮೇಲೆ ಆ ಎರಡು ಪಟ್ಟೆ ಇನ್ನೂ ಮೂಡಿರುವುದಿಲ್ಲ. ನೆತ್ತಿಯಿಂದ ಕೊರಳ ಹಿಂಭಾಗದವರೆಗೆ ಕಂದುಬೂದು ಬಣ್ಣ ಒಂದೇ ಸಮ ಇಳಿದಿರುತ್ತದೆ. ಹೆಬ್ಬಾತುಗಳ ಸಂಸಾರ ಚಳಿಗಾಲವಿಡೀ ಒಟ್ಟಿಗೇ ಇರುತ್ತದೆ. ಆದ್ದರಿಂದ ಪಟ್ಟೆಯಿರುವ ಎರಡು ತಲೆಗಳ ಹತ್ತಿರ ಪಟ್ಟೆಯಿಲ್ಲದ ಎರಡೋ ಮೂರೋ ತಲೆ ಕಂಡರೆ ಅದು ಒಂದು ಮನೆ. ಕಳೆದ ಬೇಸಿಗೆಯಲ್ಲಿ ಎಲ್ಲೋ ಒಂದು ಎತ್ತರದ ಸರೋವರದ ದಂಡೆಯಲ್ಲಿ ಮೊಟ್ಟೆಯೊಡೆದು ಬಂದ ಮರಿ, ತಂದೆತಾಯಿಯ ರೆಕ್ಕೆಯ ಹಿಂದೆಯೇ ಹಾರಿ ಹಿಮಾಲಯ ದಾಟಿ ಮಾಗಡಿಯ ನೀರಿಗೆ ಬಿದ್ದಿದೆ. ಹಿಂಡಿನಲ್ಲಿ ಇಂಥ ತಲೆಗಳು ಎಷ್ಟು ಎಂಬುದರಿಂದ ಆ ವರ್ಷ ಅಲ್ಲಿಯ ಸಂತಾನ ಹೇಗಿತ್ತೆಂದು ಅಂದಾಜು ಮಾಡಬಹುದು. ಕೊರಳಿಗೆ ಬಣ್ಣದ ಪಟ್ಟಿ ತೊಟ್ಟ ಹಕ್ಕಿ ಕಂಡರೆ ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಳ್ಳಬೇಕು. ಮಂಗೋಲಿಯಾದಲ್ಲಿ ಸಂಶೋಧಕರು ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು.

ಆ ದಾರಿಯ ಬಗ್ಗೆ ಹೇಳದೆ ಈ ಹಕ್ಕಿಯ ವಿಷಯ ಪೂರ್ತಿಯಾಗದು. ಎವರೆಸ್ಟಿನ ಮೇಲೆ ಇವು ಹಾರುವುದನ್ನು ಕಂಡೆನೆಂದು 1953ರ ಆರೋಹಣ ತಂಡದ ಜಾರ್ಜ್ ಲೋ ಹೇಳಿದ್ದು ಬಹಳ ಪ್ರಸಿದ್ಧವಾಯಿತು. ಆಮೇಲೆ ಹಕ್ಕಿಗಳ ಮೈಗೆ ಉಪಗ್ರಹದ ಸಾಧನ ಕಟ್ಟಿ ನೋಡಿದಾಗ ಸಿಕ್ಕ ನಿಜ ಇನ್ನೂ ಸೊಗಸಾಗಿತ್ತು. ಅವು ಶಿಖರಗಳ ಮೇಲೆ ಹಾರುವುದಿಲ್ಲ. ಕಣಿವೆ ಹಿಡಿದು, ನೆಲದ ಏರಿಳಿತಕ್ಕೆ ಮೈಯೊಡ್ಡಿ, ಏರಿದ ಕಡೆ ಏರಿ, ಇಳಿದ ಕಡೆ ಇಳಿದುಬಿಡುತ್ತವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಮತ್ತೆ ಏರುವುದು ದಂಡ ಅನ್ನಿಸಬಹುದು. ಆದರೆ ತೆಳುಗಾಳಿಯಲ್ಲಿ ಮೈಯನ್ನು ಎತ್ತಿ ಹಿಡಿಯುವ ಶ್ರಮ ಎಷ್ಟು ಬೇಗ ಏರುತ್ತದೆಂದರೆ, ಸಾಧ್ಯವಾದಷ್ಟು ಕೆಳಗಿನ ದಟ್ಟ ಗಾಳಿಯಲ್ಲಿರುವುದೇ ಲಾಭ. 2015ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಹಕ್ಕಿಗಳ ಹೃದಯ ಬಡಿತವನ್ನೇ ಅಳೆದು ತೋರಿಸಿತು. ಬಹುಪಾಲು ಹಾರಾಟ 5,500 ಮೀಟರಿಗಿಂತ ಕೆಳಗೇ. ಅಳತೆಗೆ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. 5,500 ಮೀಟರಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಮನುಷ್ಯ ಅಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತು ಉಸಿರು ತೆಗೆದುಕೊಳ್ಳುತ್ತಾನೆ. ಈ ಹಕ್ಕಿ ಅಲ್ಲಿ ರೆಕ್ಕೆ ಬಡಿಯುತ್ತದೆ, ಬೆನ್ನಗಾಳಿಯ ಆಸರೆಗೂ ಕಾಯದೆ, ಹೆಚ್ಚಾಗಿ ಗಾಳಿ ತಣ್ಣಗೆ ದಟ್ಟವಾಗಿರುವ ರಾತ್ರಿ ಮತ್ತು ಮುಂಜಾವಿನಲ್ಲಿ.

ಅದರ ಮೈ ಅದಕ್ಕೆ ಸಿದ್ಧವಾಗಿದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವಂಥದ್ದು, ಶ್ವಾಸಕೋಶ ದೊಡ್ಡದು, ಹಾರುವ ಸ್ನಾಯುಗಳಲ್ಲಿ ರಕ್ತನಾಳಗಳ ಜಾಲ ದಟ್ಟ. ಅಮೆರಿಕದ ವಿಜ್ಞಾನಿ ಜೆಸ್ಸಿಕಾ ಮೀರ್ ಈ ಹೆಬ್ಬಾತುಗಳನ್ನು ಮರಿಯಿಂದ ತಾನೇ ಸಾಕಿ, ಗಾಳಿಸುರಂಗದಲ್ಲಿ ಮುಖಕ್ಕೆ ಮುಖವಾಡ ಕಟ್ಟಿ ಹಾರಿಸಿ ಪರೀಕ್ಷಿಸಿದರು. ಮರಿಗಳು ಆಕೆಯನ್ನೇ ತಾಯಿಯೆಂದು ತಿಳಿದಿದ್ದವು. ಆಮ್ಲಜನಕ ಕಡಿಮೆಯಾದಾಗ ಹಕ್ಕಿಗಳು ದೇಹದ ಖರ್ಚನ್ನೇ ತಗ್ಗಿಸಿಕೊಂಡು ಹಾರಾಟ ಮುಂದುವರಿಸುತ್ತವೆ ಎಂಬುದು 2019ರಲ್ಲಿ ಪ್ರಕಟವಾದ ಫಲ. ಅದೇ ವರ್ಷ ಆಕೆ ಗಗನಯಾತ್ರಿಯಾಗಿ ಅಂತರಿಕ್ಷ ನಿಲ್ದಾಣಕ್ಕೆ ಹೋದರು.

ಇಷ್ಟು ಗಟ್ಟಿಯಾದ ಹಕ್ಕಿಗೂ ಒಟ್ಟಾಗಿ ಸೇರುವುದೇ ಅಪಾಯವಾಗುವುದುಂಟು. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ಕಾಡುಹಕ್ಕಿಗಳು ಸತ್ತವು. 2020ರ ಡಿಸೆಂಬರಿನಿಂದ ಮುಂದಿನ ತಿಂಗಳಿಗೆ ಹಿಮಾಚಲದ ಪೋಂಗ್ ಅಣೆಕಟ್ಟಿನ ಜಲಾಶಯದಲ್ಲಿ ಮತ್ತೆ ಸಾವಿರಾರು. ಎರಡೂ ಕಡೆ ಹೆಚ್ಚು ಸತ್ತದ್ದು ಪಟ್ಟೆತಲೆ ಹೆಬ್ಬಾತೇ. ಕೆರೆಯಂಚಿನಲ್ಲಿ ಸತ್ತ ಹಕ್ಕಿ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು. ಇನ್ನೊಂದು ಆತಂಕ ವಿದ್ಯುತ್ ತಂತಿಗಳದು. ನಸುಗತ್ತಲಲ್ಲಿ ಕೆಳಮಟ್ಟದಲ್ಲಿ ಹಾರುವ ಭಾರದ ಹಕ್ಕಿ ತಂತಿಯನ್ನು ತಡವಾಗಿ ಕಾಣುತ್ತದೆ. ಕೆರೆಗೂ ಹೊಲಕ್ಕೂ ನಡುವೆ ಹೊಸ ಮಾರ್ಗ ಎಳೆಯುವವರು ಹೆಬ್ಬಾತು ದಿನಾ ಓಡಾಡುವ ದಾರಿ ಯಾವುದೆಂದು ಊರಿನವರನ್ನು ಕೇಳಿದರೆ ಸಾಕು, ಅವರಿಗೆ ಗೊತ್ತು.

ನೋಡಲು ಬರುವವರಿಗೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಹತ್ತಿರದ ಊರು ಶಿರಹಟ್ಟಿ, 8 ಕಿ.ಮೀ.; ಫಕೀರೇಶ್ವರ ಮಠ ಅಲ್ಲಿದೆ. ಬೆಳಕು ಹರಿಯುವ ಮುಂಚೆ ಏರಿ ಮುಟ್ಟಿ, ಹೆಬ್ಬಾತುಗಳು ಹೊಲದಿಂದ ಮರಳುವುದನ್ನು ನೋಡಿ. ನಡುಹಗಲಿನ ಬಿಸಿಲಿಗೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ನೋಡಿಬರಬಹುದು. ಸಂಜೆ ಐದಕ್ಕೆ ಮತ್ತೆ ಕೆರೆಗೆ ಬಂದರೆ ಹಿಂಡುಗಳು ಎದ್ದು ಹೊಲಕ್ಕೆ ಹೊರಡುವುದು ಕಾಣುತ್ತದೆ. ಮಾಸಲು ಬಣ್ಣದ ಬಟ್ಟೆ ಹಾಕಿಕೊಳ್ಳಿ. ಡ್ರೋನ್ ಬೇಡ, ಹಾಡು ಬೇಡ, ಹಕ್ಕಿಗೆ ತಿನಿಸು ಎಸೆಯುವುದು ಬೇಡ. ಹೊಲದೊಳಗೆ ಹೋಗುವ ಮೊದಲು ಹೊಲದವರನ್ನು ಕೇಳಿ, ಬದುವಿನ ಮೇಲೆಯೇ ನಡೆಯಿರಿ. ಕಡಲೆ ಗಿಡ ನಮ್ಮ ಕಾಲಿಗೆ ಸಿಕ್ಕರೆ ಮತ್ತೆ ಟಿಸಿಲೊಡೆಯುವುದಿಲ್ಲ. ಫೆಬ್ರವರಿ ಕೊನೆಯಿಂದ ಹಿಂಡುಗಳು ಉತ್ತರಕ್ಕೆ ಹೊರಡತೊಡಗುತ್ತವೆ, ಮಾರ್ಚ್ ಮುಗಿಯುವುದರೊಳಗೆ ಕೆರೆ ನಾಮದ ಕೋಳಿಗಳದ್ದಾಗುತ್ತದೆ.